ನಾಲ್ವರು ಮನೆಯಲ್ಲಿ ಮಾಡುವ ಸಂಗೀತ ಕಛೇರಿಯ ಧ್ವನಿಮುದ್ರಣಕ್ಕೆ ಮಿಕ್ಸರ್ ಬೇಕೇ, ಇಂಟರ್‌ಫೇಸ್ ಸಾಕೇ? ಪ್ರತ್ಯೇಕ ಪ್ರಿಯಾಂಪ್ ಅಗತ್ಯವೇ?

ಸೋರೆಬುರುಡೆ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನಲ್ಲಿ ಮನೆಯಲ್ಲೇ ವೀಣೆಯ ಪಾಠ ಹೇಳುವವಳು. ಇದುವರೆಗೆ ಮಕ್ಕಳ ಅಭ್ಯಾಸಕ್ಕೆಂದು ಪಾಠಗಳನ್ನು ಫೋನಿನಲ್ಲೇ ಮುದ್ರಿಸಿ ಕಳುಹಿಸುತ್ತಿದ್ದೆ, ಅದಕ್ಕೆ ಅಷ್ಟೇ ಸಾಕಾಗಿತ್ತು. ಈಗ ಗಾಯನ, ವೀಣೆ, ಪಿಟೀಲು, ಮೃದಂಗ ಹೀಗೆ ನಾವು ನಾಲ್ವರು ಸೇರಿ, ದಾಸರ ಪದಗಳ ಸುಮಾರು ಒಂದು ಗಂಟೆಯ ಕಾರ್ಯಕ್ರಮವನ್ನು ಅಚ್ಚುಕಟ್ಟಾಗಿ ಧ್ವನಿಮುದ್ರಿಸಿ ಇಡಬೇಕೆಂದುಕೊಂಡಿದ್ದೇವೆ. ಸ್ಟುಡಿಯೋದಲ್ಲಿ ವಿಚಾರಿಸಿದಾಗ ಒಬ್ಬೊಬ್ಬರನ್ನೇ ಬೇರೆ ಬೇರೆ ದಿನ ಕೂರಿಸಿ, ಕಿವಿಯಲ್ಲಿ ಲಯದ ಕ್ಲಿಕ್ ಸದ್ದು ಕೇಳಿಸಿ ನುಡಿಸುವ ಕ್ರಮವನ್ನು ಹೇಳಿದರು. ಎದುರಿಗೆ ಕುಳಿತ ಮೃದಂಗದವರ ಮುಖ ನೋಡದೆ ನುಡಿಸುವುದು ನನ್ನಿಂದ ಆಗದ ಕೆಲಸ. ಆದ್ದರಿಂದ ಮನೆಯ ಮಹಡಿಯ ಮೇಲಿರುವ 10 ಅಡಿಗೆ 12 ಅಡಿಯ ಪಾಠದ ಕೋಣೆಯಲ್ಲೇ ಮುದ್ರಿಸುವುದೆಂದು ತೀರ್ಮಾನಿಸಿದೆವು.

ನನ್ನ ಬಳಿ ಶ್ಯೂರ್ ಎಸ್‌ಎಂ58 ಮೈಕುಗಳು ಎರಡಿವೆ, ಒಂದು ಲ್ಯಾಪ್‌ಟಾಪ್ ಇದೆ, ಮತ್ತು ನಮ್ಮ ಭಾವ ಹಿಂದೆ ಸಮಾರಂಭಗಳಿಗೆ ಬಳಸುತ್ತಿದ್ದ, ಯುಎಸ್‌ಬಿ ಇಲ್ಲದ ಆರು ಚಾನೆಲ್ಲಿನ ಹಳೆಯ ಮಿಕ್ಸರ್ (ಹಲವು ಮೈಕುಗಳ ಧ್ವನಿಯನ್ನು ಬೆರೆಸುವ ಪೆಟ್ಟಿಗೆ) ಇದೆ. ಆ ಮಿಕ್ಸರಿನ ಔಟ್‌ಪುಟ್ಟನ್ನು ಲ್ಯಾಪ್‌ಟಾಪಿನಲ್ಲಿರುವ ಒಂದೇ ಒಂದು ಜ್ಯಾಕಿಗೆ ಕೊಟ್ಟು ಪ್ರಯತ್ನಿಸಿದೆ. ವೀಣೆಯ ಮಂದ್ರಸ್ಥಾಯಿ ಒಡೆದು ಕೇಳಿತು, ನುಡಿಸದಿರುವಾಗ ಪ್ರೆಶರ್ ಕುಕ್ಕರಿನಲ್ಲಿ ಆವಿ ಹೊರಡುವಂಥ ಸುಯ್ ಶಬ್ದ ಒಂದೇ ಸಮನೆ ಬರುತ್ತಿತ್ತು.

ಅಂಗಡಿಯವರು ಯುಎಸ್‌ಬಿ ಇರುವ ಮಿಕ್ಸರ್ ತೆಗೆದುಕೊಳ್ಳಿ ಎನ್ನುತ್ತಾರೆ. ಶಿಷ್ಯೆಯೊಬ್ಬಳ ಅಣ್ಣ, ಮಿಕ್ಸರ್ ಈಗ ಯಾರೂ ಬಳಸುವುದಿಲ್ಲ, ಮೈಕುಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಇಂಟರ್‌ಫೇಸ್ ಸಾಕು ಎನ್ನುತ್ತಾನೆ. ಇನ್ನೊಬ್ಬ ಪರಿಚಿತರು, ಮೈಕಿನ ಸಣ್ಣ ಸಂಕೇತವನ್ನು ಹಿಗ್ಗಿಸುವ ಒಳ್ಳೆಯ ಪ್ರಿಯಾಂಪ್ ಪ್ರತ್ಯೇಕವಾಗಿ ಕೊಳ್ಳದಿದ್ದರೆ ನಾದ ತೆಳ್ಳಗಾಗುತ್ತದೆ ಎಂದು ಹೆದರಿಸಿದ್ದಾರೆ. ಮೈಕು, ಸ್ಟ್ಯಾಂಡು, ಕೇಬಲ್ಲು ಎಲ್ಲವೂ ಸೇರಿ 45,000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡಲಾರೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಹಳೆಯ ಫೇಡರ್:

ನಮಸ್ಕಾರ ಮೇಡಂ. ಮೊದಲು ನಿಮ್ಮ ಸುಯ್ ಶಬ್ದದ ವಿಷಯ ಮುಗಿಸುತ್ತೇನೆ, ಏಕೆಂದರೆ ಅದರಲ್ಲಿ ನಿಮ್ಮ ಭಾವನವರ ಮಿಕ್ಸರಿನ ತಪ್ಪೇನೂ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಲ್ಯಾಪ್‌ಟಾಪಿನ ಆ ಒಂಟಿ ಜ್ಯಾಕ್ ಇರುವುದು ಫೋನಿನ ಹೆಡ್‌ಸೆಟ್ಟಿಗಾಗಿ. ಅದರ ಮೈಕ್ ತುದಿ ಕೆಲವೇ ಮಿಲಿವೋಲ್ಟುಗಳ ಸಂಕೇತವನ್ನು ನಿರೀಕ್ಷಿಸುತ್ತದೆ, ಅದೂ ಒಂದೇ ಚಾನೆಲ್. ಮಿಕ್ಸರಿನಿಂದ ಹೊರಬರುವುದು ಲೈನ್ ಮಟ್ಟದ ಸಂಕೇತ, ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಹಿತ್ತಲ ತೋಟದ ಪೈಪನ್ನು ಒಳಲೆಯ ಬಾಯಿಗೆ ಇಟ್ಟಂತೆ ಆಗಿದೆ, ಅಷ್ಟೇ. ಒಡೆದು ಕೇಳಿದ್ದು ಅದಕ್ಕೆ. ಸುಯ್ ಎಂದದ್ದು ಲ್ಯಾಪ್‌ಟಾಪಿನೊಳಗಿನ ಅಗ್ಗದ ಪ್ರಿಯಾಂಪ್.

ಇನ್ನು ಮಿಕ್ಸರೋ ಇಂಟರ್‌ಫೇಸೋ ಎಂಬ ಪ್ರಶ್ನೆ. ಅಂಗಡಿಯವರು ಹೇಳದೆ ಬಿಡುವ ಸಂಗತಿಯೊಂದಿದೆ. ಯುಎಸ್‌ಬಿ ಇರುವ ಮಿಕ್ಸರುಗಳಲ್ಲಿ ಬಹುಪಾಲು, ಒಳಗೆ ಎಷ್ಟೇ ಚಾನೆಲ್ ಇರಲಿ, ಕಂಪ್ಯೂಟರಿಗೆ ಕಳುಹಿಸುವುದು ಎಡ ಮತ್ತು ಬಲ ಎಂಬ ಎರಡೇ ಟ್ರ್ಯಾಕುಗಳನ್ನು. ಯಮಾಹಾ ಎಂಜಿ10ಎಕ್ಸ್‌ಯು ಒಳ್ಳೆಯ ಮಿಕ್ಸರ್, ಅದರ ಹೆಸರಿನಲ್ಲಿ 10 ಇದೆ, ಆದರೆ ಅದರಲ್ಲಿ ಮೈಕ್ ಪ್ರಿಯಾಂಪುಗಳಿರುವುದು ನಾಲ್ಕು, ಕಂಪ್ಯೂಟರ್ ತಲುಪುವ ಟ್ರ್ಯಾಕುಗಳು ಎರಡು. ಬೆರಿಂಜರ್ ಕ್ಯು802ಯುಎಸ್‌ಬಿ ಎಂಬುದರಲ್ಲಿ ಮೈಕ್ ಪ್ರಿಯಾಂಪುಗಳೇ ಎರಡು. ಎಂದರೆ ಮುದ್ರಣದ ಹೊತ್ತಿಗೆ ನೀವು ಬೆರೆಸಿದ್ದೇ ಕೊನೆಯ ಮಾತು. ಮೃದಂಗ ಸ್ವಲ್ಪ ಜೋರಾಯಿತು ಎಂದು ಮರುದಿನ ಅನ್ನಿಸಿದರೆ ಅದನ್ನು ಬೇರ್ಪಡಿಸಿ ತಗ್ಗಿಸುವ ದಾರಿ ಇಲ್ಲ. ಪ್ರತಿ ಚಾನೆಲ್ಲನ್ನೂ ಬೇರೆಯಾಗಿ ಕಳುಹಿಸುವ ಮಿಕ್ಸರುಗಳೂ ಇವೆ. ಸೌಂಡ್‌ಕ್ರಾಫ್ಟಿನ ಸಿಗ್ನೇಚರ್ 12 ಎಂಟಿಕೆ 14 ಟ್ರ್ಯಾಕುಗಳನ್ನು ಕಂಪ್ಯೂಟರಿಗೆ ಕೊಟ್ಟು 12 ಟ್ರ್ಯಾಕುಗಳನ್ನು ಹಿಂದಕ್ಕೆ ಪಡೆಯುತ್ತದೆ. ಅದು ನಿಮ್ಮ ಬಜೆಟ್ಟಿನ ವಸ್ತುವಲ್ಲ, ನಿಮ್ಮ ಕೋಣೆಗೆ ಅಷ್ಟು ಅಗತ್ಯವೂ ಇಲ್ಲ.

ಇಂಟರ್‌ಫೇಸುಗಳ ಹೆಸರಿನಲ್ಲೂ ಇದೇ ಬಗೆಯ ಮೋಸವಿದೆ. ಮೋಸವೆನ್ನಲಾಗದು, ಲೆಕ್ಕದ ರೀತಿ ಅನ್ನೋಣ. ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4 ಎಂದರೆ ನಾಲ್ಕು ಮೈಕು ಹಾಕಬಹುದೆಂದು ತಿಳಿದು ಕೊಂಡು ತಂದವರನ್ನು ನಾನು ಬಲ್ಲೆ. ಅದರಲ್ಲಿ ಮೈಕಿಗೆ ಎರಡು, ಮಿಕ್ಕ ಎರಡು ಲೈನ್ ಮಟ್ಟದವು. ಮೋಟು ಎಂ4 ಕೂಡ ಹಾಗೆಯೇ. ಬೆರಿಂಜರ್ ಯುಎಂಸಿ404ಎಚ್‌ಡಿ ಎಂಬುದರಲ್ಲಿ ನಾಲ್ಕು ನಿಜವಾದ ಮೈಕ್ ಪ್ರಿಯಾಂಪುಗಳಿವೆ. ಆಡಿಯೆಂಟ್ ಐಡಿ44 ಎಂಬುದರಲ್ಲೂ ನಾಲ್ಕಿವೆ, ಆದರೆ ಅದು ಬೆಲೆಯಲ್ಲಿ ಬೇರೆ ವರ್ಗದ್ದು. ಪೆಟ್ಟಿಗೆಯ ಮುಂದೆ ಮತ್ತು ಹಿಂದೆ ಮೈಕಿನ ಕೇಬಲ್ ಚುಚ್ಚುವ ಎಕ್ಸ್‌ಎಲ್‌ಆರ್ ತೂತುಗಳನ್ನು ಬೆರಳಿಟ್ಟು ಎಣಿಸಿ ಕೊಳ್ಳುವುದೇ ಕ್ಷೇಮ.

ಆದರೆ ಇದೆಲ್ಲಕ್ಕಿಂತ ಮೊದಲು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ. ನಾಲ್ಕು ಮೈಕು, ನಾಲ್ಕು ಟ್ರ್ಯಾಕು ಎಂದ ಮಾತ್ರಕ್ಕೆ ನಾಲ್ಕು ವಾದ್ಯಗಳು ಬೇರೆಬೇರೆಯಾಗಿ ಸಿಕ್ಕಿಬಿಡುತ್ತವೆಯೇ? 10 ಅಡಿಗೆ 12 ಅಡಿಯ ಕೋಣೆಯಲ್ಲಿ ಮೃದಂಗ ಎಲ್ಲ ಮೈಕುಗಳಿಗೂ ಕೇಳಿಸುತ್ತದೆ. ವೀಣೆಯ ಮೈಕನ್ನು ಎಷ್ಟು ಏರಿಸುತ್ತೀರೋ ಅಷ್ಟೇ ಮೃದಂಗವೂ ಅದರೊಳಗಿನಿಂದ ಏರುತ್ತದೆ. ಸಾಲದ್ದಕ್ಕೆ, ಶಬ್ದವು ಒಂದು ಮಿಲಿಸೆಕೆಂಡಿನಲ್ಲಿ ಸುಮಾರು 34 ಸೆಂಟಿಮೀಟರ್ ಸಾಗುವುದರಿಂದ, ಒಂದೇ ಪೆಟ್ಟು ಎರಡು ಮೈಕುಗಳನ್ನು ಬೇರೆಬೇರೆ ಹೊತ್ತಿನಲ್ಲಿ ತಲುಪುತ್ತದೆ. ಎರಡನ್ನೂ ಸಮವಾಗಿ ಕೂಡಿಸಿದಾಗ ಕೆಲವು ಆವರ್ತನಗಳು ಒಂದನ್ನೊಂದು ಕಡಿದುಹಾಕುತ್ತವೆ: ಒಂದು ಮಿಲಿಸೆಕೆಂಡಿನ ವ್ಯತ್ಯಾಸಕ್ಕೆ 500 ಹರ್ಟ್ಸ್, ಅದರ ಮೂರು ಪಟ್ಟು, ಐದು ಪಟ್ಟು, ಹೀಗೆ. ನಿಮ್ಮ ಪರಿಚಿತರು ನಾದ ತೆಳ್ಳಗಾಗುತ್ತದೆ ಎಂದರಲ್ಲ, ಅವರು ಕೇಳಿದ್ದು ಬಹುಶಃ ಇದನ್ನೇ. ಪ್ರಿಯಾಂಪಿನ ಮೇಲೆ ಹೊರಿಸಿದ ಅಪವಾದ ಅದು.

ನನ್ನ ಸಲಹೆ ಹೀಗಿದೆ. ನಾಲ್ವರೂ ಅರ್ಧಚಂದ್ರಾಕಾರದಲ್ಲಿ ಕೂರಿ. ಎದುರಿಗೆ ಒಂದೇ ಸ್ಟ್ಯಾಂಡಿನ ಮೇಲೆ ಎರಡು ಕಂಡೆನ್ಸರ್ ಮೈಕುಗಳನ್ನು (ವಿದ್ಯುತ್ ಪೂರೈಕೆ ಬೇಕಾಗುವ, ಹೆಚ್ಚು ಸೂಕ್ಷ್ಮವಾದ ಮೈಕುಗಳು), ಅವುಗಳ ತುದಿಗಳ ನಡುವೆ 17 ಸೆಂಟಿಮೀಟರ್ ಅಂತರ ಮತ್ತು 110 ಡಿಗ್ರಿ ಕೋನವಿರುವಂತೆ ಹೂಡಿ. ಫ್ರೆಂಚ್ ರೇಡಿಯೋದವರು ರೂಢಿಗೆ ತಂದ ಈ ಕ್ರಮಕ್ಕೆ ಅವರ ಸಂಸ್ಥೆಯ ಹೆಸರಿನಿಂದಲೇ ಓಆರ್‌ಟಿಎಫ್ ಎನ್ನುತ್ತಾರೆ. ಮುದ್ರಣದ ಮುಕ್ಕಾಲು ಪಾಲು ಈ ಜೋಡಿಯಿಂದಲೇ ಬರಬೇಕು. ಗಾಯನಕ್ಕೊಂದು, ವೀಣೆಗೊಂದು ನಿಮ್ಮ ಎಸ್‌ಎಂ58 ಹತ್ತಿರದಲ್ಲಿಟ್ಟು, ಅವುಗಳನ್ನು ಬೇಕಾದಷ್ಟೇ, ಉಪ್ಪಿನಂತೆ ಬೆರೆಸಿ. ಮೃದಂಗಕ್ಕೆ ಬೇರೆ ಮೈಕು ಬೇಡವೇ ಬೇಡ. ಅವರನ್ನು ಒಂದಡಿ ಹಿಂದೆ ಕೂರಿಸಿದರೆ ಅದೇ ಫೇಡರ್ (ಧ್ವನಿಯ ಮಟ್ಟ ಏರಿಳಿಸುವ ಜಾರುಗುಂಡಿ) ತಗ್ಗಿಸಿದಂತೆ. ಹೀಗೆ ಲೆಕ್ಕ ಹಾಕಿದರೆ ನಿಮಗೆ ಬೇಕಾದದ್ದು ನಾಲ್ಕು ಪ್ರಿಯಾಂಪಿನ ಒಂದು ಇಂಟರ್‌ಫೇಸು ಮತ್ತು ಸಣ್ಣ ಡಯಾಫ್ರಮ್ಮಿನ (ಶಬ್ದಕ್ಕೆ ಕಂಪಿಸುವ ಪೊರೆಯ) ಒಂದು ಜೊತೆ ಕಂಡೆನ್ಸರ್ ಮೈಕು. ಪ್ರತ್ಯೇಕ ಪ್ರಿಯಾಂಪ್ ಬೇಡ.

ಚೆಂಡೆಮದ್ದಳೆ:

ಹಿರಿಯರ ಮಾತಿಗೆ ಎದುರಾಡುತ್ತೇನೆಂದು ಭಾವಿಸಬಾರದು, ಆದರೆ ಮಿಕ್ಸರನ್ನು ಇಷ್ಟು ಬೇಗ ಅಟ್ಟಕ್ಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ. ನಾನು ಕರಾವಳಿಯಲ್ಲಿ ಯಕ್ಷಗಾನ ಮತ್ತು ತಾಳಮದ್ದಳೆಗಳಿಗೆ ಧ್ವನಿವರ್ಧಕದ ಕೆಲಸ ಮಾಡುವವನು, ಬಿಡುವಿದ್ದಾಗ ಮುದ್ರಣವನ್ನೂ ಮಾಡುತ್ತೇನೆ.

ಮೊದಲನೆಯ ಸಂಗತಿ, ಕೈ. ಭಾಗವತರು ಪದ್ಯ ಎತ್ತುವ ಕ್ಷಣಕ್ಕೆ ಚೆಂಡೆಯವರ ಕೋಲು ಮೇಲೆದ್ದಾಗ, ನನ್ನ ಬೆರಳು ಸಂಕೇತವನ್ನು ಹಿಗ್ಗಿಸುವ ಪ್ರಮಾಣ ನಿಗದಿಮಾಡುವ ಗೇನ್ ಗುಂಡಿಯ ಮೇಲೆ ಇರಬೇಕೇ ಹೊರತು ಲ್ಯಾಪ್‌ಟಾಪಿನ ಪರದೆಯಲ್ಲಿ ಕಿಟಕಿ ಹುಡುಕುತ್ತಿರಬಾರದು. ಎರಡನೆಯದು, ಹೆಡ್‌ಫೋನು. ನಾಲ್ವರು ನುಡಿಸುವಾಗ ಶ್ರುತಿಪೆಟ್ಟಿಗೆಯ ಸದ್ದು ಮೈಕಿಗೆ ಬೀಳಬಾರದೆಂದರೆ ಅದನ್ನು ಹೆಡ್‌ಫೋನಿನಲ್ಲಿ ಕೊಡಬೇಕು. ಮಿಕ್ಸರಿನಲ್ಲಿ ಬೇಕಾದ ಧ್ವನಿಯನ್ನು ಬೇರೆ ದಾರಿಯಲ್ಲಿ ಕಳುಹಿಸುವ ಆಕ್ಸ್ ಗುಂಡಿ ತಿರುಗಿಸಿದರೆ ಆಯಿತು. ಕಂಪ್ಯೂಟರಿನ ಮೂಲಕ ಹಾದು ಬಂದ ಧ್ವನಿ ತಡವಾಗಿ ಕೇಳಿಸುತ್ತದೆ. 48 ಕಿಲೋಹರ್ಟ್ಸ್‌ನಲ್ಲಿ 256 ಸ್ಯಾಂಪಲ್ಲಿನ ಬಫರ್ (ಕಂಪ್ಯೂಟರ್ ಒಮ್ಮೆಗೆ ಕೂಡಿಸಿಕೊಳ್ಳುವ ಧ್ವನಿಯ ಕಂತು) ಇಟ್ಟರೆ ಅದೊಂದೇ 5.3 ಮಿಲಿಸೆಕೆಂಡು, ಹೋಗುವಾಗಲೂ ಬರುವಾಗಲೂ ಸೇರಿದರೆ ಹತ್ತನ್ನು ದಾಟುತ್ತದೆ. ಹಾಡುವವರ ಕಿವಿಗೆ ಅದು ತಿಳಿಯುತ್ತದೆ.

ಮೂರನೆಯದು ಕರೆಂಟು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಒಮ್ಮೆ ಎರಡು ಗಂಟೆಯ ತಾಳಮದ್ದಳೆಯನ್ನು ಲ್ಯಾಪ್‌ಟಾಪಿಗೆ ಮುದ್ರಿಸುತ್ತಿದ್ದೆ. ಅರ್ಥಧಾರಿಗಳ ವಾದ ಬಿಸಿಯೇರಿದ ಹೊತ್ತಿಗೆ ಲ್ಯಾಪ್‌ಟಾಪು ತಾನಾಗಿ ಅಪ್‌ಡೇಟಿಗೆ ಹೊರಟು ಪರದೆ ನೀಲಿಯಾಯಿತು. ಅವರನ್ನು ನಿಲ್ಲಿಸಿ ಇನ್ನೊಮ್ಮೆ ಹೇಳಿ ಎನ್ನಲು ಸಾಧ್ಯವೇ? ಅಂದಿನಿಂದ ನಾನು ಎಸ್‌ಡಿ ಕಾರ್ಡಿಗೆ ನೇರವಾಗಿ ಬಹುಟ್ರ್ಯಾಕಿನಲ್ಲಿ ಮುದ್ರಿಸುವ ಮಿಕ್ಸರುಗಳ ಪಕ್ಷ. ಜೂಮ್ ಲೈವ್‌ಟ್ರ್ಯಾಕ್ ಎಲ್-8 ಎಂಬುದರಲ್ಲಿ ಆರು ಮೈಕ್ ಇನ್‌ಪುಟ್ಟುಗಳಿವೆ, ಪ್ರತಿಯೊಂದೂ ಬೇರೆ ಫೈಲಾಗಿ ಕಾರ್ಡಿನಲ್ಲಿ ಕೂರುತ್ತದೆ, ಅಗತ್ಯ ಬಿದ್ದರೆ ನಾಲ್ಕು ಎಎ ಸೆಲ್ಲುಗಳಲ್ಲೂ ನಡೆಯುತ್ತದೆ. ಟ್ಯಾಸ್ಕ್ಯಾಮ್ ಮಾಡೆಲ್ 12 ಕೂಡ ಕಾರ್ಡಿಗೆ ಮುದ್ರಿಸುವಂಥದೇ, ಸ್ವಲ್ಪ ದೊಡ್ಡದು. ಎರಡನ್ನೂ ಯುಎಸ್‌ಬಿಯಿಂದ ಕಂಪ್ಯೂಟರಿಗೆ ಜೋಡಿಸಿದರೆ ಇಂಟರ್‌ಫೇಸಿನ ಕೆಲಸವನ್ನೂ ಮಾಡುತ್ತವೆ. ಮೇಡಂ ಅವರು ಮುಂದೆ ನವರಾತ್ರಿಗೆ ಮನೆಯಲ್ಲೋ ದೇವಸ್ಥಾನದಲ್ಲೋ ಸಣ್ಣ ಕಛೇರಿ ಇಟ್ಟುಕೊಂಡರೆ ಅದೇ ಮಿಕ್ಸರ್ ವೇದಿಕೆಗೂ ಆಗುತ್ತದೆ. ಇಂಟರ್‌ಫೇಸ್ ಹೊತ್ತುಕೊಂಡು ಹೋಗಿ ದೇವಸ್ಥಾನದಲ್ಲಿ ಏನು ಮಾಡುವುದು?

ಎರಡೇ ಟ್ರ್ಯಾಕು ಕಳುಹಿಸುವ ಯುಎಸ್‌ಬಿ ಮಿಕ್ಸರಿನ ವಿಷಯದಲ್ಲಿ ಮಾತ್ರ ಹಿರಿಯರು ಹೇಳಿದ್ದು ಸರಿ. ಅದನ್ನು ಧ್ವನಿಮುದ್ರಣಕ್ಕೆಂದೇ ಕೊಳ್ಳಬೇಡಿ.

ಓಮ್ ನಿಯಮ:

ಇಬ್ಬರೂ ಹೇಳಿದ್ದನ್ನು ಓದಿದೆ. ನನಗೆ ಸಂಗೀತ ಗೊತ್ತಿಲ್ಲ, ಸರ್ಕ್ಯೂಟು ಗೊತ್ತು. ಪ್ರತ್ಯೇಕ ಪ್ರಿಯಾಂಪ್ ಬೇಕೇ ಎಂಬ ಪ್ರಶ್ನೆಗೆ ಅಭಿಪ್ರಾಯದಿಂದಲ್ಲ, ಗಣಿತದಿಂದ ಉತ್ತರ ಕೊಡಬಹುದು, ಸ್ವಲ್ಪ ತಾಳ್ಮೆಯಿಂದ ಓದಬೇಕು.

ಎಸ್‌ಎಂ58 ಮೈಕು 94 ಡೆಸಿಬಲ್ ಶಬ್ದಮಟ್ಟಕ್ಕೆ 1.85 ಮಿಲಿವೋಲ್ಟ್ ಕೊಡುತ್ತದೆ. ಒಂದೂವರೆ ಅಡಿ ದೂರದಲ್ಲಿ ನುಡಿಸುವ ವೀಣೆ ಮೈಕಿನ ಬಳಿ 74 ಡೆಸಿಬಲ್ ಇದೆ ಎಂದು ಇಟ್ಟುಕೊಳ್ಳೋಣ. 20 ಡೆಸಿಬಲ್ ಕಡಿಮೆಯೆಂದರೆ ವೋಲ್ಟೇಜಿನಲ್ಲಿ ಹತ್ತನೆಯ ಒಂದು ಪಾಲು, ಅಂದರೆ 0.185 ಮಿಲಿವೋಲ್ಟ್. ಪ್ರಿಯಾಂಪುಗಳ ವಿವರಪಟ್ಟಿಯ ಅಳತೆಯಲ್ಲಿ ಇದು −72 ಡಿಬಿಯು. ಅದೇ ಪಟ್ಟಿಯಲ್ಲಿ ಇಐಎನ್ ಎಂದು ಬರೆದಿರುವುದು ಪ್ರಿಯಾಂಪ್ ತಾನಾಗಿ ಸೇರಿಸುವ ಗದ್ದಲವನ್ನು ಇನ್‌ಪುಟ್ಟಿನ ಕಡೆಗೆ ಲೆಕ್ಕ ಹಾಕಿ ಹೇಳುವ ಅಂಕಿ. ನಾಲ್ಕನೆಯ ತಲೆಮಾರಿನ ಸ್ಕಾರ್ಲೆಟ್ 2ಐ2ಕ್ಕೆ ಅದು −127, ಮೋಟು ಎಂ2ಕ್ಕೆ −129. ಈ ಅಳತೆಗೆಂದು ಮೈಕಿನ ಜಾಗದಲ್ಲಿ ಇಡುವ 150 ಓಮ್ ರೋಧವೊಂದು ಕೋಣೆಯ ಉಷ್ಣತೆಯಲ್ಲಿ, 20 ಕಿಲೋಹರ್ಟ್ಸ್ ವ್ಯಾಪ್ತಿಯಲ್ಲಿ ತಾನೇ ತಾನಾಗಿ ಹುಟ್ಟಿಸುವ ಉಷ್ಣಗದ್ದಲವೇ ಸುಮಾರು −131 ಡಿಬಿಯು. ಅಷ್ಟು ಹಣ ಕೊಟ್ಟರೂ, ಇಷ್ಟು ಹಣ ಕೊಟ್ಟರೂ ಇದಕ್ಕಿಂತ ಕೆಳಗೆ ಇಳಿಯಲು ಯಾವ ಕಂಪನಿಗೂ ಸಾಧ್ಯವಿಲ್ಲ, ಅದು ಭೌತಶಾಸ್ತ್ರದ ನೆಲ. ಸಾಧಾರಣ ಇಂಟರ್‌ಫೇಸಿನ ಪ್ರಿಯಾಂಪಿಗೂ ಆ ನೆಲಕ್ಕೂ ಇರುವ ಅಂತರ ನಾಲ್ಕು ಡೆಸಿಬಲ್ ಮಾತ್ರ.

ಈಗ ನಿಮ್ಮ ಕೋಣೆಯನ್ನು ಅದರ ಪಕ್ಕದಲ್ಲಿಡೋಣ. −72ಕ್ಕೂ −127ಕ್ಕೂ ಇರುವ ವ್ಯತ್ಯಾಸ 55 ಡೆಸಿಬಲ್. ಆದ್ದರಿಂದ ಆ ಪ್ರಿಯಾಂಪಿನ ಗದ್ದಲವು 74ರಿಂದ 55 ಕಳೆದರೆ ಬರುವ 19 ಡೆಸಿಬಲ್ಲಿನ ಕೋಣೆಸದ್ದಿಗೆ ಸಮ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿದ ಮನೆಕೋಣೆಯೂ 30 ಡೆಸಿಬಲ್ಲಿಗಿಂತ ಕೆಳಗೆ ಹೋಗುವುದು ಕಷ್ಟ. ಫ್ಯಾನು ತಿರುಗುತ್ತಿದ್ದರೆ 45ರ ಮೇಲೆ. ಎಂದರೆ ಸೊಳ್ಳೆಯ ಸದ್ದು ಕಡಿಮೆ ಮಾಡಲು ಹಣ ಸುರಿಯುವಾಗ ಪಕ್ಕದಲ್ಲಿ ಹಿಟ್ಟಿನ ಗಿರಣಿ ಓಡುತ್ತಿದೆ.

ಇಷ್ಟು ಹೇಳಿದ ಮೇಲೆ ಎರಡು ವಿನಾಯಿತಿಗಳನ್ನೂ ಹೇಳಬೇಕು. ಇಐಎನ್ ಅಂಕಿಯನ್ನು ಅಳೆಯುವುದು ಗೇನ್ ಗರಿಷ್ಠವಾಗಿರುವಾಗ. ಅಗ್ಗದ ಮಿಕ್ಸರುಗಳಲ್ಲಿ ಗೇನ್ ಕಡಿಮೆ ಇದ್ದಾಗ ಗದ್ದಲ ಅದಕ್ಕಿಂತ ಕೆಟ್ಟದಾಗಿರುತ್ತದೆ. ಇನ್ನೊಂದು, ಗೇನ್ ಸಾಕಾಗುತ್ತದೆಯೇ ಎಂಬುದು. ಮೇಲಿನ −72ನ್ನು ಬಳಕೆಯ ಮಟ್ಟಕ್ಕೆ ತರಲು 55ರಿಂದ 60 ಡೆಸಿಬಲ್ ಬೇಕು. ಹಿಂದಿನ ತಲೆಮಾರಿನ ಸ್ಕಾರ್ಲೆಟ್‌ನಲ್ಲಿ ಇದ್ದದ್ದು 56, ಈಗಿನದರಲ್ಲಿ 69. ಗುಂಡಿ ಗಡಿಯಾರದ ಮೂರು ಗಂಟೆಯ ಸ್ಥಾನದವರೆಗೆ ಮೆಲ್ಲಗೆ ಏರಿ, ಅಲ್ಲಿಂದ ಮುಂದೆ ಕೂದಲೆಳೆಯಷ್ಟು ತಿರುಗಿಸಿದರೂ ಹತ್ತು ಡೆಸಿಬಲ್ ನೆಗೆಯುವ ಇಂಟರ್‌ಫೇಸುಗಳನ್ನು ನಾನು ರಿಪೇರಿ ಮಾಡಿದ್ದೇನೆ; ಎರಡು ಮೈಕುಗಳನ್ನು ಸಮವಾಗಿ ಇಡಬೇಕಾದ ಓಆರ್‌ಟಿಎಫ್ ಜೋಡಿಗೆ ಅದು ತೊಂದರೆ. ಕಂಡೆನ್ಸರ್ ಮೈಕು ಬಳಸಿದರೆ ಈ ಚಿಂತೆಯಿಲ್ಲ. ಅದು ಹತ್ತು ಪಟ್ಟು ದೊಡ್ಡ ಸಂಕೇತ ಕೊಡುವುದರಿಂದ ಪ್ರಿಯಾಂಪಿನ ಗದ್ದಲ ಲೆಕ್ಕಕ್ಕೇ ಬರುವುದಿಲ್ಲ, ಮೈಕಿನ ಸ್ವಂತ ಗದ್ದಲವಷ್ಟೇ ಉಳಿಯುತ್ತದೆ. ಜೋಡಿಯಾಗಿಯೇ ಮಾರುವ ರೋಡ್ ಎಂ5ಕ್ಕೆ ಅದು 19 ಡೆಸಿಬಲ್, ದೊಡ್ಡ ಡಯಾಫ್ರಮ್ಮಿನ ಎನ್‌ಟಿ1-ಎಗೆ 5. ನಿಮ್ಮ ಕೋಣೆಯಲ್ಲಿ ಎರಡೂ ಕೋಣೆಯ ಸದ್ದಿನ ಕೆಳಗೇ.

ದುಬಾರಿ ಪ್ರಿಯಾಂಪುಗಳು ಹಾಗಾದರೆ ಏತಕ್ಕೆ? ಬಣ್ಣಕ್ಕೆ. ಫೋಕಸ್‌ರೈಟ್ ಐಎಸ್ಎ ಒನ್‌ನಂಥವುಗಳಲ್ಲಿ ಇನ್‌ಪುಟ್ಟಿಗೆ ಟ್ರಾನ್ಸ್‌ಫಾರ್ಮರ್ ಇದೆ, ಇಂಪೀಡೆನ್ಸನ್ನು (ಸಂಕೇತಕ್ಕೆ ಇನ್‌ಪುಟ್ಟು ಒಡ್ಡುವ ತಡೆ) 600 ಓಮಿನಿಂದ 6,800 ಓಮಿನವರೆಗೆ ನಾಲ್ಕು ಹಂತಗಳಲ್ಲಿ ಬದಲಿಸಬಹುದು, ಅದರಿಂದ ಎಸ್‌ಎಂ58ನಂಥ ಮೈಕಿನ ಸ್ವಭಾವ ಸ್ವಲ್ಪ ಬದಲಾಗುತ್ತದೆ. ಕೊಳ್ಳುವವರು ಒಂದನ್ನು ಗಮನಿಸಬೇಕು: ಅದರ ಔಟ್‌ಪುಟ್ಟನ್ನು ಇಂಟರ್‌ಫೇಸಿನ ಮೈಕ್ ತೂತಿಗೆ ಚುಚ್ಚಿದರೆ ಒಂದು ಪ್ರಿಯಾಂಪಿನ ಹಿಂದೆ ಇನ್ನೊಂದು ಪ್ರಿಯಾಂಪು, ಮೇಡಂ ಅವರ ಲ್ಯಾಪ್‌ಟಾಪಿನಲ್ಲಿ ಆದದ್ದೇ ಪುನಃ. ಅದು ಹೋಗಬೇಕಾದದ್ದು ಲೈನ್ ಇನ್‌ಪುಟ್ಟಿಗೆ.

ಕೊನೆಯದಾಗಿ ಗುಂಯ್ ಎನ್ನುವ 50 ಹರ್ಟ್ಸ್. ಇದು ಬಂದರೆ ಜನ ಮಿಕ್ಸರನ್ನೇ ಬದಲಿಸುತ್ತಾರೆ. ಮೊದಲು ಚಾರ್ಜರ್ ಕಿತ್ತು, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ ನೋಡಿ. ಅಲ್ಲಿಗೇ ನಿಂತರೆ ಕಾರಣ ಗ್ರೌಂಡ್ ಲೂಪು (ಉಪಕರಣಗಳ ಅರ್ಥ್ ತಂತಿಗಳ ನಡುವೆ ಉಂಟಾಗುವ ಸುತ್ತು) ಅಥವಾ ಚಾರ್ಜರು. ಎಲ್ಲ ಉಪಕರಣಗಳನ್ನೂ ಒಂದೇ ಸ್ವಿಚ್ ಬೋರ್ಡಿನಿಂದ, ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ಟಿನಿಂದ ನಡೆಸಿ. ಮನೆಯ ಇನ್ವರ್ಟರ್ ಚೌಕ ಅಲೆಯದಾದರೆ ಕರೆಂಟು ಹೋದಾಗ ಬರ್ ಎಂಬ ಸದ್ದು ಖಂಡಿತ. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ, ಹಾಗೆ ಎಂದಿಗೂ ಮಾಡಬೇಡಿ. ಮೈಕು ತುಟಿಗೆ ತಾಗುವ ವಸ್ತು.

ಸೋರೆಬುರುಡೆ:

ಮೂವರಿಗೂ ಕೃತಜ್ಞತೆಗಳು. ಉತ್ತರಗಳನ್ನು ಓದಿ ಸುಮ್ಮನೆ ಕೂರಲಾಗಲಿಲ್ಲ. ಶಿಷ್ಯೆಯ ಅಣ್ಣನ ಬಳಿ ಇದ್ದ ಎರಡು ಪ್ರಿಯಾಂಪಿನ ಇಂಟರ್‌ಫೇಸನ್ನು ಎರಡು ದಿನಕ್ಕೆ ತರಿಸಿಕೊಂಡು, ಯಾರೂ ನುಡಿಸದೆ, ಖಾಲಿ ಕೋಣೆಯನ್ನೇ ಒಂದೊಂದು ನಿಮಿಷ ಮುದ್ರಿಸಿದೆ. ಗೇನ್ ಗುಂಡಿಯನ್ನು ಮುಟ್ಟಲಿಲ್ಲ. ಫ್ಯಾನು ತಿರುಗುವಾಗ ಮೀಟರಿನ ಕಡ್ಡಿ −47ರ ಸುತ್ತ ಆಡುತ್ತಿತ್ತು. ಫ್ಯಾನು ನಿಲ್ಲಿಸಿದೆ, −58ಕ್ಕೆ ಇಳಿಯಿತು. ಆಮೇಲೂ ಹೆಡ್‌ಫೋನಿನಲ್ಲಿ ಏನೋ ಸಣ್ಣಗೆ ಕೇಳುತ್ತಲೇ ಇತ್ತು. ಕೋಣೆಯಲ್ಲಿ ಬೇರಾವ ಯಂತ್ರವೂ ಇಲ್ಲ. ಕೊನೆಗೆ ಬಾಗಿಲು ತೆರೆದು ಮೆಟ್ಟಿಲಿಳಿದು ನೋಡಿದರೆ ಅದು ಮೆಟ್ಟಿಲ ಕೆಳಗಿರುವ ಇನ್ವರ್ಟರಿನ ಟ್ರಾನ್ಸ್‌ಫಾರ್ಮರಿನ ಸದ್ದು. ಹತ್ತು ವರ್ಷದಿಂದ ಆ ಕೋಣೆಯಲ್ಲಿ ಶ್ರುತಿ ಸೇರಿಸುತ್ತಿದ್ದೇನೆ, ಒಂದು ದಿನವೂ ಕಿವಿಗೆ ಬಿದ್ದಿರಲಿಲ್ಲ. ಅದನ್ನು ಆರಿಸಿದ ಮೇಲೆ ಕಡ್ಡಿ −64ರಲ್ಲಿ ನಿಂತಿತು. ಓಮ್ ನಿಯಮದವರು ಹೇಳಿದ ನಾಲ್ಕು ಡೆಸಿಬಲ್ಲಿಗೆ ಹಣ ಹಾಕುವ ಮೊದಲೇ 17 ಡೆಸಿಬಲ್ ಪುಕ್ಕಟೆ ಸಿಕ್ಕಿತು.

ಎರಡನೆಯ ದಿನ ನಾಲ್ವರನ್ನೂ ಕರೆಸಿ, ಇದ್ದ ಎರಡು ಎಸ್‌ಎಂ58ಗಳನ್ನೇ 17 ಸೆಂಟಿಮೀಟರ್ ಅಂತರದಲ್ಲಿ ಕಟ್ಟಿ ಒಂದು ಪದ ಮುದ್ರಿಸಿದೆವು. ನೆಲದ ಟೈಲ್ಸ್ ಮೇಲೆ ಜಮಖಾನ ಹಾಸಿ, ಎದುರು ಗೋಡೆಗೆ ಧಾರವಾಡದ ಅತ್ತಿಗೆ ಕೊಟ್ಟ ಎರಡು ಕೌದಿಗಳನ್ನು ಹಗ್ಗಕ್ಕೆ ನೇತುಹಾಕಿದ್ದೆ. ಕೌದಿ ತೆಗೆದು ಒಮ್ಮೆ, ಹಾಕಿ ಒಮ್ಮೆ ಕೇಳಿದೆವು. ಕೌದಿ ಇಲ್ಲದಿದ್ದಾಗ ಪಿಟೀಲಿನ ಮೇಲುಸ್ಥಾಯಿ ತಗಡಿನಂತೆ ಕಿವಿಗೆ ಬಡಿಯುತ್ತದೆ. ಗಾಯನ ಮತ್ತು ಮೃದಂಗ ಇಷ್ಟು ಚೆನ್ನಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ. ವೀಣೆ ಮಾತ್ರ ಹಿಂದೆ ಉಳಿಯಿತು. ಗಮಕದ ತುದಿ, ತಂತಿ ಎಳೆದು ಬಿಡುವಾಗ ಉಳಿಯುವ ಎಳೆ, ಅದು ಮೃದಂಗದ ಅಡಿಯಲ್ಲಿ ಮುಳುಗುತ್ತದೆ. ವೀಣೆಯ ಕೊಡಕ್ಕೆ ಅಂಟಿಸುವ, ಕಂಪನವನ್ನು ಸಂಕೇತವಾಗಿಸುವ ಪಿಕಪ್ ಒಂದು ನನ್ನ ಬಳಿ ಇದೆ, ಅದನ್ನು ಬಳಸಲೇ, ಅಥವಾ ಎಸ್‌ಎಂ58 ಹತ್ತಿರ ಇಡಲೇ?

ಹಳೆಯ ಫೇಡರ್:

ಖಾಲಿ ಕೋಣೆಯನ್ನು ಮುದ್ರಿಸಿ ಕೇಳಿದಿರಲ್ಲ, ಅದು ನನಗೆ ಬಹಳ ಸಂತೋಷ ಕೊಟ್ಟಿತು. ಸ್ಟುಡಿಯೋಗಳಲ್ಲೇ ಎಷ್ಟೋ ಜನ ಅದನ್ನು ಮಾಡುವುದಿಲ್ಲ.

ಪಿಕಪ್ ವಿಷಯದಲ್ಲಿ ಎಚ್ಚರ ಬೇಕು. ಸಾಮಾನ್ಯ ಪೀಜೋ ಪಿಕಪ್ಪನ್ನು ಮೈಕ್ ಇನ್‌ಪುಟ್ಟಿಗಾಗಲಿ ಲೈನ್ ಇನ್‌ಪುಟ್ಟಿಗಾಗಲಿ ಕೊಟ್ಟರೆ ಕೆಳಸ್ಥಾಯಿ ಸತ್ತು, ಡಬ್ಬಿ ಬಡಿದಂತೆ ಕೇಳುತ್ತದೆ. ಅದಕ್ಕೆ ಒಂದು ಮೆಗಾಓಮಿನಷ್ಟು ಇಂಪೀಡೆನ್ಸ್ ಇರುವ, ಇಂಟರ್‌ಫೇಸಿನಲ್ಲಿ ಇನ್‌ಸ್ಟ್ರುಮೆಂಟ್ ಎಂದು ಗುರುತು ಮಾಡಿದ ಇನ್‌ಪುಟ್ಟು ಬೇಕು. ಆಗಲೂ ಪಿಕಪ್ ಕೇಳುವುದು ಮರದ ಕಂಪನವನ್ನು ಮಾತ್ರ, ಕೊಡದೊಳಗಿನಿಂದ ಗಾಳಿಗೆ ಬರುವ ನಾದವನ್ನಲ್ಲ. ವೇದಿಕೆಗೆ ಅದು ಸರಿ, ಏಕೆಂದರೆ ಅಲ್ಲಿ ಸ್ಪೀಕರಿನ ಸದ್ದು ಮೈಕಿಗೆ ಮರಳಿ ಬಿದ್ದು ಊಳು ಬರದಿರುವುದೇ ಮುಖ್ಯ. ನಿಮ್ಮ ಕೋಣೆಯಲ್ಲಿ ಊಳುವುದಕ್ಕೆ ಸ್ಪೀಕರೇ ಇಲ್ಲ. ಎಸ್‌ಎಂ58 ಮೈಕನ್ನೇ ಕೊಡದಿಂದ ಒಂದಡಿ ಮೇಲೆ, ಕುದುರೆಗೂ (ತಂತಿಗಳನ್ನು ಹೊರುವ ಸೇತುವೆ) ವೀಣೆಯ ಕೊನೆಯ ಮೆಟ್ಟಿಲಿಗೂ ನಡುವಿನ ಜಾಗವನ್ನು ನೋಡುವಂತೆ ಇಡಿ. ನೇರವಾಗಿ ಮೀಟುವ ಬೆರಳಿನ ಮೇಲೆ ತಿರುಗಿಸಿದರೆ ಉಗುರಿನ ಟಕ್ ಸದ್ದು ಸ್ವರಕ್ಕಿಂತ ಮುಂದೆ ಬರುತ್ತದೆ. ಆ ಮೈಕು ಹಿಂಬದಿಯ ಸದ್ದನ್ನು ಕಡಿಮೆ ಕೇಳುವುದರಿಂದ, ಅದರ ಬೆನ್ನು ಮೃದಂಗದ ಕಡೆಗೆ ಬರುವಂತೆ ನೀವಿಬ್ಬರೂ ಕೂರುವ ಜಾಗವನ್ನು ಹೊಂದಿಸಿಕೊಳ್ಳಿ.

ಇಂಟರ್‌ಫೇಸುಗಳಲ್ಲಿ ಕೆಲವದರಲ್ಲಿ ಕಂಡೆನ್ಸರ್ ಮೈಕಿಗೆ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ 48 ವೋಲ್ಟಿನ ಫ್ಯಾಂಟಮ್ ಗುಂಡಿ ನಾಲ್ಕೂ ಮೈಕುಗಳಿಗೆ ಒಂದೇ ಇರುತ್ತದೆ. ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್ಲಿನಲ್ಲಿ ಜೋಡಿಸಿದ ಎಸ್‌ಎಂ58ಗೆ ಅದರಿಂದ ಏನೂ ಆಗದು, ಹೆದರಬೇಡಿ. ಹಳೆಯ ರಿಬ್ಬನ್ ಮೈಕು ಯಾರಾದರೂ ತಂದರೆ ಮಾತ್ರ ಅದನ್ನು ಆ ಪೆಟ್ಟಿಗೆಗೆ ಚುಚ್ಚಬೇಡಿ. ಗುಂಡಿ ಒತ್ತುವ ಮುನ್ನ ಹೆಡ್‌ಫೋನ್ ತೆಗೆದಿಡಿ, ಥಪ್ ಎಂದು ಜೋರಾಗಿ ಬಡಿಯುತ್ತದೆ. ಮುದ್ರಣ 24 ಬಿಟ್ಟಿನಲ್ಲಿರಲಿ, ಮೃದಂಗದ ಅತಿ ಜೋರಾದ ಪೆಟ್ಟು −12ರ ಆಸುಪಾಸಿನಲ್ಲಿ ನಿಲ್ಲಲಿ. ಮೀಟರ್ ಮೇಲಕ್ಕೆ ಮುಟ್ಟಲೇಬೇಕೆಂಬುದು ಟೇಪಿನ ಕಾಲದ ಚಟ. ನನಗೇ ಅದು ಬಿಡಲು ವರ್ಷಗಳು ಹಿಡಿದವು.

ಚೆಂಡೆಮದ್ದಳೆ:

ಮೇಡಂ ಅವರ ಪ್ರಯೋಗ ನೋಡಿದ ಮೇಲೆ ನನ್ನ ಮಾತಿನಲ್ಲಿ ಅರ್ಧವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಂದೇ ಕೋಣೆ, ನಾಲ್ಕೇ ಮೈಕು, ಬೇಕಾದಾಗ ಇನ್ನೊಮ್ಮೆ ನುಡಿಸುವ ಅನುಕೂಲ ಇರುವವರಿಗೆ ನಾಲ್ಕು ಪ್ರಿಯಾಂಪಿನ ಇಂಟರ್‌ಫೇಸೇ ಸರಿ. ಉಳಿದ ಹಣ ಮೈಕಿಗೆ ಹೋಗಲಿ. ಹೆಡ್‌ಫೋನಿಗೆ ನಿಮ್ಮ ಭಾವನವರ ಹಳೆಯ ಮಿಕ್ಸರ್ ಇದೆಯಲ್ಲ, ಅದನ್ನು ಮಾರಬೇಡಿ. ಇಂಟರ್‌ಫೇಸಿನ ಔಟ್‌ಪುಟ್ಟನ್ನೂ ಶ್ರುತಿಪೆಟ್ಟಿಗೆಯನ್ನೂ ಅದಕ್ಕೆ ಕೊಟ್ಟು, ಧ್ವನಿ ಕಂಪ್ಯೂಟರಿಗೆ ಹೋಗಿಬರದೆ ನೇರವಾಗಿ ಕೇಳಿಸುವ ಡೈರೆಕ್ಟ್ ಮಾನಿಟರ್ ಹಾಕಿ, ಅಲ್ಲಿಂದ ಹೆಡ್‌ಫೋನುಗಳಿಗೆ ಹಂಚಿ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನುಗಳೇ ಆಗಬೇಕು, ಇಲ್ಲದಿದ್ದರೆ ಪಲ್ಲವಿಯ ಮುಂಚಿನ ಮೌನದಲ್ಲಿ ಶ್ರುತಿಪೆಟ್ಟಿಗೆಯ ಸದ್ದು ಸಣ್ಣಗೆ ಸೋರುತ್ತದೆ.

ಲ್ಯಾಪ್‌ಟಾಪಿನಲ್ಲಿ ಅಪ್‌ಡೇಟ್ ಮತ್ತು ವೈಫೈ ಎರಡನ್ನೂ ಆರಿಸಿ ಕೂರಿ. ಕೇಬಲ್ಲುಗಳನ್ನು ಸಿದ್ಧವಾಗಿ ಕೊಳ್ಳುವ ಬದಲು, ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಿಂದ ಒಳ್ಳೆಯ ಕನೆಕ್ಟರು ಮತ್ತು ಮೀಟರ್ ಲೆಕ್ಕದಲ್ಲಿ ಶೀಲ್ಡೆಡ್ ಕೇಬಲ್ ತರಿಸಿ ಬೆಸುಗೆ ಹಾಕಿಸಿಕೊಳ್ಳಿ, ಬೇಕಾದಷ್ಟೇ ಉದ್ದ ಸಿಗುತ್ತದೆ. ಕಂಡೆನ್ಸರ್ ಮೈಕುಗಳನ್ನು ಕೆಲಸ ಮುಗಿದ ಕೂಡಲೇ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮೈಸೂರಿನ ಹವೆಗೆ ಅಷ್ಟು ಭಯವಿಲ್ಲ, ನಮ್ಮ ಕಡೆ ಜುಲೈ ತಿಂಗಳಲ್ಲಿ ಹೊರಗೆ ಬಿಟ್ಟ ಮೈಕು ಮರುದಿನ ಚಟಚಟ ಎನ್ನುತ್ತದೆ.

ಸೋರೆಬುರುಡೆ:

ಇಂಟರ್‌ಫೇಸ್ ಮತ್ತು ಮೈಕಿನ ಜೋಡಿಗೆ ನಿನ್ನೆ ಹೇಳಿಬಂದೆ. ಮೃದಂಗದ ವಿದ್ವಾಂಸರು ಒಂದಡಿ ಹಿಂದೆ ಕೂರಲು ಒಪ್ಪಿದ್ದಾರೆ, ಆದರೆ ಎಡಮುಖಕ್ಕೆ ರವೆ ಹಚ್ಚಿದ ಮೇಲೆ ಅದು ಒಣಗುವ ಮುನ್ನ ಮುದ್ರಣ ಶುರುವಾಗಬೇಕೆಂದು ಷರತ್ತು ಹಾಕಿದ್ದಾರೆ. ಆದ್ದರಿಂದ ಮೈಕುಗಳನ್ನು ಹಿಂದಿನ ರಾತ್ರಿಯೇ ಕಟ್ಟಿಟ್ಟು, ಅವರ ಜಾಗದಲ್ಲಿ ನನ್ನ ಮಗನನ್ನು ಕೂರಿಸಿ ಚಪ್ಪಾಳೆ ತಟ್ಟಿಸಿ ಮಟ್ಟ ನೋಡಿಕೊಳ್ಳುತ್ತೇನೆ. ಇನ್ವರ್ಟರ್ ಆರಿಸುವ ಕೆಲಸ ನಮ್ಮ ಯಜಮಾನರದು.